ಒಂಬತ್ತು ನಿಮಿಷದ ಕೆಲಸ

ನಮ್ಮ ಸೊಸೆ ಸರ್ವರ್ ಕೆಲಸದಲ್ಲಿದ್ದಾಳೆ ಎಂದು ಮಾವ ಮೊದಲ ಸಲ ಪಕ್ಕದ ಮನೆಯವರಿಗೆ ಹೇಳಿದಾಗ ಅವರು ಮರುಕದಿಂದ, “ಯಾವ ಹೋಟೆಲ್ಲು?” ಎಂದು ಕೇಳಿದ್ದರಂತೆ. ಹದಿಮೂರು ವರ್ಷವಾದರೂ ಆ ಮನೆಯಲ್ಲಿ ಆ ನಗೆ ಹಳಸಿರಲಿಲ್ಲ. ಅವಳು ಸಂಜೆ ತಡವಾಗಿ ಬಂದರೆ ಮಾವ, “ಇವತ್ತು ಗಿರಾಕಿ ಜಾಸ್ತಿಯೇನಮ್ಮ?” ಎನ್ನುವರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಕೈಯ ಗ್ರೀಸು ಒರೆಸುತ್ತ ನಗುವನು.

ಒಂದು ಲೆಕ್ಕಕ್ಕೆ ಅವಳದು ಗಿರಾಕಿಗಳ ಕೆಲಸವೇ. ನದಿಗಳ ಅಧ್ಯಯನ ನಡೆಸುವ ಆ ಸಂಸ್ಥೆಯಲ್ಲಿ ನಲವತ್ತು ಜನ ವಿಜ್ಞಾನಿಗಳಿದ್ದರು. ಅವರೆಲ್ಲರಿಗೂ ಸೇರಿ ಇದ್ದದ್ದು ಒಂದೇ ದೊಡ್ಡ ಕಂಪ್ಯೂಟರು, ಅದೂ ಊರಾಚೆ ಹದಿನಾಲ್ಕು ಮೈಲಿ ದೂರದ ಒಂದು ತಣ್ಣನೆಯ ಕಟ್ಟಡದಲ್ಲಿ. ಅದನ್ನು ಕಣ್ಣಾರೆ ಕಂಡವರು ಅವಳು ಮತ್ತು ಆ ಕಟ್ಟಡದ ಕಾವಲುಗಾರ ಮಾತ್ರ. ಉಳಿದವರು ತಮ್ಮ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಒಂದು ಕಪ್ಪು ಕಿಟಕಿ ತೆರೆದು, ಅದರಲ್ಲಿ ಅಪ್ಪಣೆಗಳನ್ನು ಟೈಪ್ ಮಾಡಿ, ದೂರದ ಆ ಯಂತ್ರದಿಂದ ಕೆಲಸ ಮಾಡಿಸಬೇಕು. ಕೆಲವು ಕೆಲಸ ಗಳಿಗೆಯಲ್ಲಿ ಮುಗಿಯುತ್ತಿದ್ದವು, ಕೆಲವು ವಾರಗಟ್ಟಲೆ ಓಡುತ್ತಿದ್ದವು. ಕಿಟಕಿ ಮುಚ್ಚಿತೋ, ನಡುವಿನ ಸಂಪರ್ಕ ಕಡಿಯಿತೋ, ಅಲ್ಲಿ ಓಡುತ್ತಿದ್ದ ಕೆಲಸವೂ ಅಲ್ಲಿಗೇ ನಿಂತುಹೋಗುತ್ತಿತ್ತು. ಹಾಗಾಗದಂತೆ ಮಾಡಲು ದಾರಿ ಇತ್ತು. ಆ ದಾರಿ ತಿಳಿದವಳು ಅವಳು.

ಈ ನಲವತ್ತು ಜನರಲ್ಲಿ ಒಬ್ಬರು ನೀರು ಮೇಷ್ಟ್ರು. ಅವರು ಎಂದೂ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನೆರೆ ಬಂದರೆ ನದಿಯ ನೀರು ಯಾವ ಬೀದಿಗೆ ಎಷ್ಟು ಹೊತ್ತಿಗೆ ನುಗ್ಗುತ್ತದೆ, ಯಾವ ಮನೆಯ ಎಷ್ಟನೇ ಮೆಟ್ಟಿಲು ಮುಳುಗುತ್ತದೆ ಎಂದು ಹೇಳುವುದು ಅವರ ಕೆಲಸ. ಆದರೆ ಎದುರಿಗೆ ಸಿಕ್ಕವರ ತಪ್ಪು ತಿದ್ದುವುದು ಅವರ ಹುಟ್ಟುಗುಣ. ಕ್ಯಾಂಟೀನಿನ ಹಲಗೆಯ ಮೇಲಿನ ಕಾಗುಣಿತವನ್ನೂ ಸೀಮೆಸುಣ್ಣ ಹಿಡಿದು ಸರಿಪಡಿಸಿ ಬರುತ್ತಿದ್ದರು. ಐವತ್ತೆಂಟು ವಯಸ್ಸು, ಮದುವೆಯಾಗಿರಲಿಲ್ಲ, ಮೂರನೇ ಮಹಡಿಯ ಮೂಲೆಯ ಕೋಣೆಯಲ್ಲಿ ನಕ್ಷೆಗಳ ನಡುವೆ ಬದುಕು.

ಅವಳಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಹಿಂದಿನ ವರ್ಷ ದುರಸ್ತಿಗೆಂದು ಸರ್ವರನ್ನು ಒಂದು ದಿನ ನಿಲ್ಲಿಸಬೇಕಾಗಿ ಬಂತು. ಹತ್ತು ದಿನ ಮೊದಲೇ ಅವಳು ಎಲ್ಲರಿಗೂ ಇಮೇಲ್ ಕಳಿಸಿದ್ದಳು, ಎರಡು ಸಲ ನೆನಪಿಸಿದ್ದಳು. ಮೇಷ್ಟ್ರು ಓದಿರಲಿಲ್ಲ. ಸರ್ವರ್ ನಿಂತಿತು, ಅವರ ಹನ್ನೊಂದು ದಿನದ ಲೆಕ್ಕ ನೀರಲ್ಲಿ ಹೋಮ ಮಾಡಿದಂತಾಯಿತು. ಅವರು ಸಿಟ್ಟಿನ ಭರದಲ್ಲಿ ನಿರ್ದೇಶಕರಿಗೆ ದೂರು ಬರೆದರು. ಬರೆದದ್ದು ನಿರ್ದೇಶಕರಿಗೊಬ್ಬರಿಗೇ ಆಗಿದ್ದರೆ ಅವಳು ಮರೆಯುತ್ತಿದ್ದಳೇನೋ. ಅದು ಇಡೀ ಸಂಸ್ಥೆಗೆ ಹೋಯಿತು. ಅದರಲ್ಲಿ ‘ಬೇಜವಾಬ್ದಾರಿ ಸಿಬ್ಬಂದಿ’ ಎಂಬ ಮಾತಿತ್ತು. ಮುಂದೆ ತಪ್ಪು ಯಾರದೆಂದು ತಿಳಿದಾಗ ನಿರ್ದೇಶಕರು ನಕ್ಕು ಸುಮ್ಮನಾದರು, ಮೇಷ್ಟ್ರು ಬರೀ ಸುಮ್ಮನಾದರು. ಕ್ಷಮಿಸಿ ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಅವಳು ಹಲ್ಲು ಕಚ್ಚಿ ನುಂಗಿಕೊಂಡಳು. ಆದರೆ ನುಂಗಿದ್ದು ಅರಗಿರಲಿಲ್ಲ.

ಹೀಗಿರುವಾಗ ಒಂದು ಶುಕ್ರವಾರ ಮೇಷ್ಟ್ರು ಅವಳ ಕೋಣೆಯ ಬಾಗಿಲಲ್ಲಿ ನಿಂತರು.

“ಮೇಡಂ, ಒಂದು ಸಹಾಯ ಆಗ್ಬೇಕಿತ್ತು. ಕೆಲಸ ಶುರು ಮಾಡಿ ಕಂಪ್ಯೂಟರ್ ಮುಚ್ಚಿ ಮನೆಗೆ ಹೋದ್ರೂ ಅದು ಅಲ್ಲಿ ಓಡ್ತಾನೇ ಇರೋ ಹಾಗೆ ಮಾಡ್ಬಹುದಂತಲ್ಲ. ನನಗೂ ಸ್ವಲ್ಪ ಹೇಳಿಕೊಡ್ತೀರಾ?”

“ಸೋಮವಾರ ಬನ್ನಿ ಸರ್.”

“ಎಷ್ಟು ಗಂಟೆಗೆ?”

“ಬನ್ನಿ, ಇರ್ತೀನಿ.”

ಸೋಮವಾರ ಅವಳು ಇರಲಿಲ್ಲ. ಊರಾಚೆಯ ಕಟ್ಟಡಕ್ಕೆ ಹೋಗುವ ಕೆಲಸ ಮಂಗಳವಾರ ಮಾಡಿದರೂ ನಡೆಯುತ್ತಿತ್ತು. ಸೋಮವಾರವೇ ಹೋದಳು. ಮರುದಿನ ಬಂದು ನೋಡಿದರೆ ಬಾಗಿಲ ಕೆಳಗೊಂದು ಚೀಟಿ: ‘ಒಂದು ಗಂಟೆ ಕಾದೆ. ಇನ್ನು ತಡಮಾಡುವಂತಿಲ್ಲ, ಶುರು ಮಾಡಿದ್ದೇನೆ.’ ಅವಳು ಅದನ್ನು ಮುದುರಿ ಕಸದ ಬುಟ್ಟಿಗೆ ಹಾಕಿದಳು.

ತಡಮಾಡುವಂತಿಲ್ಲ ಎಂದು ಮೇಷ್ಟ್ರು ಸುಮ್ಮನೆ ಬರೆದಿರಲಿಲ್ಲ. ನದಿದಂಡೆಯ ತಗ್ಗುಬೀದಿಗೆ ಒಡ್ಡು ಎಷ್ಟು ಎತ್ತರ ಕಟ್ಟಬೇಕೆಂದು ತೀರ್ಮಾನಿಸುವ ಸಭೆ ತಿಂಗಳ ಕೊನೆಗಿತ್ತು. ಅಷ್ಟರೊಳಗೆ ಮೇಷ್ಟ್ರ ಲೆಕ್ಕ ಕೈಗೆ ಬರದಿದ್ದರೆ ಹಳೆಯ ಅಂದಾಜಿನ ಮೇಲೆಯೇ ಕಟ್ಟಿಬಿಡುತ್ತಿದ್ದರು. ಹಳೆಯ ಅಂದಾಜು ಎರಡು ಅಡಿ ಕಡಿಮೆ ಎಂದು ಮೇಷ್ಟ್ರಿಗೆ ಅನುಮಾನ. ತಗ್ಗುಬೀದಿಯಲ್ಲಿ ಆರುನೂರು ಮನೆಗಳಿದ್ದವು. ಲೆಕ್ಕ ಮುಗಿಯಲು ಇಪ್ಪತ್ಮೂರು ದಿನ ಬೇಕಿತ್ತು.

ಇನ್ನೊಂದು ತೊಡಕಿತ್ತು. ಎರಡು ಗಂಟೆ ಯಾರೂ ಕೀಲಿಮಣೆ ಮುಟ್ಟದಿದ್ದರೆ ಸಂಪರ್ಕ ತಾನಾಗಿ ಕಡಿಯಬೇಕು ಎಂಬ ನಿಯಮ. ಭದ್ರತೆಗೆಂದು ಆರು ತಿಂಗಳ ಹಿಂದೆ ಅದನ್ನು ಹಾಕಿದವಳು ಅವಳೇ. ಹಾಗಾಗಿ ಮೇಷ್ಟ್ರು ಮನೆಯಿಂದ ಒಂದು ಮಡಿಸುವ ಮಂಚ, ಒಂದು ಅಲಾರಂ ಗಡಿಯಾರ ತಂದರು. ಒಂದೂವರೆ ಗಂಟೆಗೊಮ್ಮೆ ಅಲಾರಂ ಹೊಡೆಯುವುದು, ಮೇಷ್ಟ್ರು ಎದ್ದು ಒಂದು ಕೀಲಿ ಒತ್ತುವುದು, ಮತ್ತೆ ಮಲಗುವುದು. ಹಗಲೂ ಅದೇ, ರಾತ್ರಿಯೂ ಅದೇ. ಲ್ಯಾಪ್‌ಟಾಪಿನ ಮೇಲೆ ಕೆಂಪು ಶಾಯಿಯಲ್ಲಿ ‘ಮುಚ್ಚಬೇಡಿ’ ಎಂದು ಬರೆದು ಅಂಟಿಸಿದ್ದರು. ಸಂಸ್ಥೆಯಲ್ಲಿ ನಗೆಯೋ ನಗೆ. “ಮೇಷ್ಟ್ರಿಗೆ ಈ ವಯಸ್ಸಲ್ಲಿ ಕೂಸು ಹುಟ್ಟಿದೆ, ಹೊತ್ತುಹೊತ್ತಿಗೆ ಹಾಲು ಕುಡಿಸ್ತಿದ್ದಾರೆ” ಎಂದು ಕ್ಯಾಂಟೀನಿನಲ್ಲಿ ಯಾರೋ ಅಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳು.

ಹನ್ನೊಂದನೇ ದಿನ ಮೇಷ್ಟ್ರು ಮತ್ತೆ ಬಂದರು. ಅಂಗಿ ಮುದುಡಿತ್ತು, ಕಣ್ಣು ಒಳಗೆ ಹೋಗಿದ್ದವು.

“ಮೇಡಂ, ಈಗ ಓಡ್ತಿರೋದನ್ನ ಹಾಗೇ ಬಿಟ್ಟು ಹೋಗೋಕೆ ಏನಾದ್ರೂ ಉಪಾಯ ಇದೆಯಾ? ಊರಿಗೆ ಹೋಗ್ಬೇಕಿತ್ತು ಸ್ವಲ್ಪ.”

ಉಪಾಯ ಇತ್ತು. ಓಡುತ್ತಿರುವ ಕೆಲಸವನ್ನು ನಿಲ್ಲಿಸದೆಯೇ ಎತ್ತಿ, ದೂರದ ಯಂತ್ರದೊಳಗೇ ಇರುವ ಇನ್ನೊಂದು ಕಿಟಕಿಗೆ ಸಾಗಿಸುವ ಒಂದು ಪುಟ್ಟ ಉಪಕರಣ ಇತ್ತು. ಅದಕ್ಕೆ ಬೇಕಾದ ಅನುಮತಿ ಅವಳ ಕೈಯಲ್ಲೇ ಇತ್ತು. ಎರಡು ವರ್ಷದ ಹಿಂದೆ ಒಬ್ಬರಿಗೆ ಹಾಗೆ ಮಾಡಿಕೊಟ್ಟೂ ಇದ್ದಳು.

“ಒಮ್ಮೆ ಶುರುವಾದ್ಮೇಲೆ ಆಗಲ್ಲ ಸರ್.”

“ಏನೂ ಆಗಲ್ವಾ?”

“ಇಲ್ಲ ಸರ್.”

“ಹೋಗ್ಲಿ, ಆ ಎರಡು ಗಂಟೆ ನಿಯಮ ನಾಲ್ಕು ದಿನದ ಮಟ್ಟಿಗೆ...”

“ನಿಯಮ ಎಲ್ಲರಿಗೂ ಒಂದೇ ಅಲ್ವಾ ಸರ್? ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ನನ್ನನ್ನೇ ಬೇಜವಾಬ್ದಾರಿ ಅಂತಾರೆ.”

ಆ ಮಾತು ನಾಟಿತು. ಮೇಷ್ಟ್ರು ಅವಳ ಮುಖವನ್ನು ಒಂದು ಕ್ಷಣ ನೋಡಿದರು, ಏನೋ ಹೇಳಲು ಬಾಯಿ ತೆರೆದರು. ಮತ್ತೆ, “ಸರಿ ಬಿಡಿ” ಎಂದು ಹೊರಟುಹೋದರು. ಊರಿಗೆ ಯಾಕೆ ಎಂದು ಅವಳು ಕೇಳಲಿಲ್ಲ. ಆ ದಿನ ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು, ಗಾಳಿ ಚೆನ್ನಾಗಿ ಬೀಸುತ್ತಿತ್ತು, ಅವಳಿಗೆ ಮನಸ್ಸು ಹಗುರಾಗಿತ್ತು. ಮುಂದೆ ಅವಳನ್ನು ಹೆಚ್ಚು ಕಾಡಿದ್ದು ಆ ಹಗುರವೇ.

ಇಪ್ಪತ್ತನೇ ದಿನ ಬೆಳಗ್ಗೆ ಹತ್ತೂವರೆಗೆ ಅವಳ ಮೇಜಿನ ಫೋನು ಹೊಡೆಯಿತು. ಬೇರೆ ಯಾರಿಗೋ ಬಂದ ಕರೆಯನ್ನು ಎಕ್ಸ್‌ಚೇಂಜಿನವರು ತಪ್ಪಿ ಇಲ್ಲಿಗೆ ಕೊಟ್ಟಿದ್ದರು. ಹೆಣ್ಣುದನಿ, ಅಳು ತಡೆದ ದನಿ.

“ನೆರೆ ವಿಭಾಗಾನಾ? ಮಾಮನ ಮೊಬೈಲಿಗೆ ಮಾಡ್ತಿದೀನಿ, ಎತ್ತುತ್ತಿಲ್ಲ. ಅವರಿಗೆ ಸ್ವಲ್ಪ ಹೇಳ್ತೀರಾ?”

ಯಾರ ಮಾಮ ಎಂದು ವಿಚಾರಿಸಿದಾಗ ಅದು ಮೇಷ್ಟ್ರ ಅಕ್ಕನ ಮಗಳು ಎಂದು ತಿಳಿಯಿತು.

“ಅಮ್ಮನಿಗೆ ತುಂಬಾ ಆಗಿದೆ ಮೇಡಂ. ಇವತ್ತು ಕಳೆಯೋದು ಕಷ್ಟ ಅಂದಿದ್ದಾರೆ ಡಾಕ್ಟ್ರು. ಹತ್ತು ದಿನದಿಂದ ಕರೀತಿದೀವಿ. ಮೆಷಿನ್ ಬಿಟ್ಟು ಬರೋ ಹಾಗಿಲ್ಲ, ಕೇಳಿ ನೋಡಿದೆ, ಆಗಲ್ಲ ಅಂದ್ರು ಅಂತಾರೆ. ಅಮ್ಮನೂ, ಅವನ ಕೆಲಸ ಕೆಡಿಸಬೇಡ್ರೇ, ಮುಗಿಸ್ಕೊಂಡು ಬರ್ಲಿ, ನಾನೆಲ್ಲಿ ಓಡಿಹೋಗ್ತೀನಿ ಅಂತಿದ್ಳು. ಈಗ ಮಾತೇ ಇಲ್ಲ. ಅವರನ್ನ ಸಾಕಿದ್ದೇ ಅಮ್ಮ. ಹೇಳ್ತೀರಲ್ಲಾ?”

ಹೇಳ್ತೀನಿ ಎಂದು ಅವಳು ಫೋನಿಟ್ಟಳು. ಕೇಳಿ ನೋಡಿದೆ, ಆಗಲ್ಲ ಅಂದ್ರು. ಆಗಲ್ಲ ಅಂದವಳು ಅವಳೇ. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದಳು.

ಮೇಷ್ಟ್ರು ಮಂಚದ ಮೇಲೆ ಕುಳಿತೇ ನಿದ್ದೆ ಹೋಗಿದ್ದರು. ಮೊಬೈಲು ನಕ್ಷೆಗಳ ಅಡಿಯಲ್ಲೆಲ್ಲೋ ಇತ್ತು. ಅವಳು ಕರೆದಾಗ ಬೆಚ್ಚಿ ಎದ್ದವರು ಮೊದಲು ನೋಡಿದ್ದು ಪರದೆಯನ್ನು.

“ಸರ್, ನಿಮ್ಮ ಅಕ್ಕನ ಮಗಳು ಫೋನ್ ಮಾಡಿದ್ರು. ನೀವು ಈಗಲೇ ಹೊರಡ್ಬೇಕಂತೆ.”

ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಚಪ್ಪಲಿ ಹುಡುಕಿದರು, ಒಂದು ಸಿಕ್ಕಿತು, ಇನ್ನೊಂದು ಮಂಚದ ಕೆಳಗಿತ್ತು, ಅವಳೇ ಬಗ್ಗಿ ತೆಗೆದುಕೊಟ್ಟಳು. ಬಾಗಿಲ ಹತ್ತಿರ ಹೋಗಿ ಮತ್ತೆ ತಿರುಗಿದರು.

“ಇನ್ನು ಮೂರು ದಿನ ಇತ್ತು.”

“ನೀವು ಹೋಗಿ ಸರ್. ಇದನ್ನ ನಾನು ನೋಡ್ಕೋತೀನಿ.”

“ಆಗಲ್ಲ ಅಂದಿದ್ರಲ್ಲ?”

ಅವಳು ಅವರ ಕಣ್ಣು ತಪ್ಪಿಸಿದಳು. “ಏನಾದ್ರೂ ಮಾಡ್ತೀನಿ. ಬಸ್ಸು ತಪ್ಪುತ್ತೆ, ಹೊರಡಿ.”

ಅವರು ಹೋದ ಮೇಲೆ ಅವಳು ಆ ಕುರ್ಚಿಯಲ್ಲಿ ಕುಳಿತಳು. ಮೇಜಿನ ಮೇಲೆ ಅರ್ಧ ತಿಂದ ಬ್ರೆಡ್ಡು, ತಣ್ಣಗಾದ ಟೀ, ಅಲಾರಂ ಗಡಿಯಾರ. ಪಕ್ಕದಲ್ಲಿ ಒಂದು ನೋಟುಬುಕ್ಕು. ಅದರಲ್ಲಿ ಪ್ರತಿ ಸಲ ಕೀಲಿ ಒತ್ತಿದ ಹೊತ್ತನ್ನು ಮೇಷ್ಟ್ರು ಬರೆದಿಟ್ಟಿದ್ದರು, ಸಾಲಿನ ಮೇಲೆ ಸಾಲು, ಹಾಳೆಯ ಮೇಲೆ ಹಾಳೆ. ಕೊನೆಕೊನೆಗೆ ಅಕ್ಷರಗಳು ಕಾಗೆಯ ಕಾಲು ಗುಬ್ಬಿಯ ಕಾಲಾಗಿದ್ದವು. ಜಗತ್ತಿನ ಕಾಗುಣಿತವನ್ನೆಲ್ಲ ತಿದ್ದುವ ಮನುಷ್ಯನ ಕೈಬರಹ ಅದು.

ದೂರದ ಯಂತ್ರದಲ್ಲಿ ಮುಚ್ಚಿದರೂ ಸಾಯದ ಒಂದು ಕಿಟಕಿ ತೆರೆದಳು, ಮೇಷ್ಟ್ರ ಕೆಲಸಕ್ಕೆ ಯಂತ್ರ ಕೊಟ್ಟ ಸಂಖ್ಯೆ ಹುಡುಕಿದಳು, ಅನುಮತಿ ಸಡಿಲಿಸಿದಳು, ಅಪ್ಪಣೆ ಕೊಟ್ಟಳು. ಅಂಕಿಗಳ ಸಾಲು ಒಂದು ಗಳಿಗೆ ತಡವರಿಸಿ, ಹೊಸ ಕಿಟಕಿಯಲ್ಲಿ ಮೊದಲಿನಂತೆಯೇ ಇಳಿಯತೊಡಗಿತು. ಹಳೆಯ ಕಿಟಕಿಯನ್ನು ಮುಚ್ಚಿದಳು. ಓಡುತ್ತಲೇ ಇತ್ತು. ಲ್ಯಾಪ್‌ಟಾಪನ್ನೇ ಮುಚ್ಚಿ, ಕೆಳಗೆ ತನ್ನ ಕೋಣೆಗೆ ಹೋಗಿ ಅಲ್ಲಿಂದ ನೋಡಿದಳು. ಆಗಲೂ ಓಡುತ್ತಲೇ ಇತ್ತು. ಕೂತಾಗ ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಮುಗಿದಾಗ ಹನ್ನೊಂದಕ್ಕೆ ಒಂದು ನಿಮಿಷ.

ಅಕ್ಕನ ಊರು ಏಳು ಗಂಟೆಯ ದಾರಿ. ಮೇಷ್ಟ್ರು ಇನ್ನೂ ಬಸ್ಸಿನಲ್ಲಿರುವಾಗಲೇ, ಮಧ್ಯಾಹ್ನ ಮೂರರ ಹೊತ್ತಿಗೆ ಅಕ್ಕ ಹೋಗಿಬಿಟ್ಟಿದ್ದರು. ಅಕ್ಕನ ಮಗಳು ಮತ್ತೆ ಫೋನು ಮಾಡಿ ಅವಳಿಗೇ ಮೊದಲು ಹೇಳಿದಳು, “ಮಾಮನಿಗೆ ಬಸ್ಸಲ್ಲಿ ಹೇಳೋಕೆ ಧೈರ್ಯ ಬರ್ತಿಲ್ಲ ಮೇಡಂ” ಎಂದು.

ಆ ಸಂಜೆ ಮನೆಯಲ್ಲಿ ಮಾವ ಎಂದಿನಂತೆ ಗಿರಾಕಿಯ ಮಾತೆತ್ತಿದರು. ಅವಳು ನಗಲಿಲ್ಲ. ಊಟ ಬಡಿಸುತ್ತ ನಡೆದದ್ದೆಲ್ಲ ಹೇಳಿಬಿಟ್ಟಳು, ಸುಳ್ಳು ಹೇಳಿದ್ದನ್ನೂ ಸೇರಿಸಿ.

ಗಂಡ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದ. “ಅವರಿಗೆ ಹೇಳು” ಅಂದ.

“ಹೇಳಿ ಏನು ಬಂತೋ?” ಮಾವ ಅಂದರು. “ಹೋದವರು ಎದ್ದು ಬರ್ತಾರಾ? ಗೊತ್ತಿಲ್ಲದೇ ಇದ್ರೆ ಆ ಮನುಷ್ಯ ಹಣೆಬರಹ ಅಂದ್ಕೋತಾನೆ. ಗೊತ್ತಾದ್ರೆ ಜೀವನಪೂರ್ತಿ ಉರೀತಾನೆ. ನಿನ್ನ ಮನಸ್ಸಿನ ಭಾರ ಇಳಿಸ್ಕೊಳ್ಳೋಕೆ ಅವನ ತಲೆ ಮೇಲೆ ಹಾಕ್ತೀಯೇನಮ್ಮ?”

“ಅಪ್ಪಾ, ಬ್ರೇಕ್ ಸರಿ ಮಾಡದೆ ಮಾಡಿದೀನಿ ಅಂತ ಬಸ್ ಬಿಟ್ರೆ, ಆಮೇಲೆ ಸುಮ್ನಿರೋಕಾಗುತ್ತಾ?”

ಇಬ್ಬರದೂ ಸರಿಯೆಂದು ಅವಳಿಗೆ ಅನ್ನಿಸಿತು. ಅದಕ್ಕೇ ಅವಳಿಗೆ ಏನೂ ತೋಚಲಿಲ್ಲ.

ಲೆಕ್ಕ ಇಪ್ಪತ್ಮೂರನೇ ದಿನ ಮುಗಿಯಿತು. ಅವಳೇ ಅದನ್ನು ನಿರ್ದೇಶಕರಿಗೆ ತಲುಪಿಸಿದಳು. ಮೇಷ್ಟ್ರ ಅನುಮಾನ ನಿಜವಾಗಿತ್ತು. ಎರಡು ಅಡಿಯಲ್ಲ, ಎರಡೂವರೆ. ಸಭೆಯಲ್ಲಿ ಒಡ್ಡಿನ ಎತ್ತರ ಬದಲಾಯಿತು. ತಗ್ಗುಬೀದಿಯವರಿಗೆ ಇದ್ಯಾವುದೂ ಗೊತ್ತಾಗಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ.

ಎರಡು ವಾರದ ಮೇಲೆ ಮೇಷ್ಟ್ರು ಬಂದರು. ನೇರ ಅವಳ ಕೋಣೆಗೇ ಬಂದರು. ಗಡ್ಡ ಬೆಳೆದಿತ್ತು.

“ಲೆಕ್ಕ ನಿಲ್ಲಲಿಲ್ಲವಂತೆ. ತುಂಬಾ ಉಪಕಾರ ಆಯ್ತು ಮೇಡಂ. ಹೋದ ವರ್ಷ ಇಡೀ ಸಂಸ್ಥೆಗೆ ನಿಮ್ಮ ಬಗ್ಗೆ ಹಾಗೆ ಬರೆದಿದ್ದೆ. ಅದು ತಪ್ಪಾಗಿತ್ತು. ಆವತ್ತೇ ಹೇಳ್ಬೇಕಿತ್ತು.”

ಒಂದು ವರ್ಷದಿಂದ ಕಾದಿದ್ದ ಮಾತು ಅದು. ಬರಬಾರದ ಹೊತ್ತಿಗೆ ಬಂತು. ಅವಳಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ, ಎದ್ದು ನಿಂತಳು.

“ಸರ್, ಮೊದಲೇ ಆಗ್ತಿತ್ತು. ಹನ್ನೊಂದನೇ ದಿನ ನೀವು ಕೇಳಿದಾಗ್ಲೂ ಆಗ್ತಿತ್ತು. ನನಗೆ ಗೊತ್ತಿತ್ತು. ಬೇಕಂತಲೇ ಆಗಲ್ಲ ಅಂದೆ.”

ಹೊರಗೆ ಯಾರೋ ಮೆಟ್ಟಿಲಿಳಿದು ಹೋದರು. ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಎಷ್ಟು ಹೊತ್ತು ಹಿಡೀತು?”

“ಒಂಬತ್ತು ನಿಮಿಷ.”

ಅವರು ತಲೆಯಾಡಿಸಿದರು, ಯಾರೋ ದೂರದ ಊರಿನ ಹವೆ ಹೇಳಿದರೆ ಕೇಳಿಸಿಕೊಳ್ಳುವಂತೆ.

“ಅಕ್ಕನಿಗೆ ಹುಷಾರಿಲ್ಲ ಅಂತ ನಾನು ಆವತ್ತು ಹೇಳಬಹುದಿತ್ತು. ಬಾಯಿವರೆಗೂ ಬಂದಿತ್ತು. ನಿಮ್ಮ ಮುಂದೆ ಹಲ್ಲು ಗಿಂಜೋದು ಬೇಡ ಅನ್ನಿಸ್ತು. ಲೆಕ್ಕ ಹಾಳಾಗಿ ಹೋಗ್ಲಿ ಅಂತ ಎದ್ದು ಹೋಗಬಹುದಿತ್ತು. ಅದನ್ನೂ ಮಾಡ್ಲಿಲ್ಲ. ಆರುನೂರು ಮನೆ ಅಂತ ನನಗೆ ನಾನೇ ಹೇಳ್ಕೊಂಡೆ. ನಿಜ, ಆರುನೂರು ಮನೆ. ಆದ್ರೆ ಹಾಸಿಗೆ ಹಿಡಿದ ಅಕ್ಕನ್ನ ನೋಡೋಕೆ ಹೆದರಿಕೆನೂ ಇತ್ತು. ಅದನ್ನ ಯಾರಿಗೂ ಹೇಳಿರ್ಲಿಲ್ಲ.” ಕನ್ನಡಕ ಮತ್ತೆ ಹಾಕಿಕೊಂಡರು. “ನಿಮ್ಮನ್ನ ಬೈಯೋಕೆ ಇನ್ನೂ ಸರದಿ ಬಂದಿಲ್ಲ ಮೇಡಂ. ನನ್ನನ್ನ ಬೈಕೊಳ್ಳೋದೇ ಮುಗಿದಿಲ್ಲ.”

“ಸರ್, ಕ್ಷಮಿಸಿ ಅಂತ ಕೇಳೋಕೂ ನನಗೆ...”

“ಈಗ ಬೇಡ,” ಅಂದರು. “ಅದನ್ನ ಹೇಗೆ ಮಾಡೋದು ಅಂತ ಹೇಳಿಕೊಡಿ.”

ಅವಳು ಹೇಳಿಕೊಟ್ಟಳು. ಕಿಟಕಿ ತೆರೆಯುವುದು, ಅದಕ್ಕೊಂದು ಹೆಸರಿಡುವುದು, ಕೆಲಸ ಶುರು ಮಾಡಿ ಮೂರು ಕೀಲಿ ಒತ್ತಿ ಹೊರಬರುವುದು, ಬೇಕಾದಾಗ ಮತ್ತೆ ಒಳಹೋಗುವುದು. ಮೇಷ್ಟ್ರು ಅದನ್ನೆಲ್ಲ ದುಂಡಾದ ಅಕ್ಷರದಲ್ಲಿ ಬರೆದುಕೊಂಡರು. ಎರಡು ಸಲ ತಪ್ಪಿದರು, ಮೂರನೇ ಸಲ ಸರಿ ಬಂತು. ನಾಲ್ಕನೇ ಸಲ ಅವಳು ಏನೂ ಹೇಳಬೇಕಾಗಲಿಲ್ಲ. ಅವರು ಲ್ಯಾಪ್‌ಟಾಪ್ ಮುಚ್ಚಿ, ಒಂದು ನಿಮಿಷ ಅದರ ಮೇಲೆ ಅಂಗೈ ಇಟ್ಟು ಕುಳಿತರು. ತೆರೆದು ನೋಡಿದಾಗ ಎಲ್ಲ ಇದ್ದಲ್ಲೇ ಇತ್ತು.

ಅಂದಿನಿಂದ ಅವರ ಕೆಲಸಗಳು ಹಾಗೆಯೇ ನಡೆದವು. ಸಂಜೆ ಐದೂವರೆಗೆ ಹೊರಬಂದು, ಬೆಳಗ್ಗೆ ಒಂಬತ್ತಕ್ಕೆ ಒಳಹೋಗುತ್ತಿದ್ದುದು ಅವಳಿಗೆ ತನ್ನ ಪರದೆಯ ಮೇಲೆ ಕಾಣುತ್ತಿತ್ತು. ಎದುರು ಸಿಕ್ಕರೆ ಮೇಷ್ಟ್ರು ನಮಸ್ಕಾರ ಎನ್ನುವರು, ಅದಕ್ಕಿಂತ ಹೆಚ್ಚಿಲ್ಲ. ಕ್ಷಮಿಸಿದ್ದೇನೆ ಎಂದು ಅವರೂ ಹೇಳಲಿಲ್ಲ, ಅವಳೂ ಮತ್ತೆ ಕೇಳಲಿಲ್ಲ. ಹೊಸದಾಗಿ ಸಂಸ್ಥೆಗೆ ಸೇರಿದವರ ಮೇಜಿಗೆ ಅವಳು ಕರೆಯದೆಯೇ ಹೋಗಿ ಇದನ್ನು ಕಲಿಸಿ ಬರತೊಡಗಿದಳು. ಮೇಡಂ ಯಾಕೆ ಹೀಗೆ ಬೆನ್ನು ಹತ್ತುತ್ತಾರೆ ಎಂದು ಅವರಿಗೆ ಅರ್ಥವಾಗುತ್ತಿರಲಿಲ್ಲ.

ಮುಂದಿನ ಮಳೆಗಾಲಕ್ಕೆ ಮೊದಲು, ಒಂದು ದೊಡ್ಡ ಲೆಕ್ಕ ಓಡುತ್ತಿರುವಾಗ, ಮೇಷ್ಟ್ರು ಅವಳ ಬಾಗಿಲಿಗೆ ಬಂದು, “ನಾಲ್ಕು ದಿನ ಇರಲ್ಲ. ಅಕ್ಕನ ಮಗಳು ಕರೆದಿದ್ದಾಳೆ, ಅಕ್ಕನ ಸಾಮಾನೆಲ್ಲ ವಿಲೇವಾರಿ ಮಾಡ್ಬೇಕಂತೆ. ಇದು ಓಡ್ತಿರುತ್ತೆ” ಅಂದರು.

“ಹೋಗಿ ಬನ್ನಿ ಸರ್.”

ಮೂರನೇ ದಿನಕ್ಕೇ ವಾಪಸಾದರು. ಕೈಚೀಲ ಹಿಡಿದುಕೊಂಡೇ ಅವಳ ಬಾಗಿಲಲ್ಲಿ ನಿಂತರು.

“ಬೇಗ ಬಂದ್ರಿ?” ಎಂದು ಅವಳು ಕೇಳಿದಳು.

“ಅಕ್ಕನ ಮಗಳು ಚೆನ್ನಾಗಿಯೇ ನೋಡ್ಕೊಂಡ್ಲು. ಆದ್ರೆ ಆ ಮನೆಗೆ ಹೋದ ತಕ್ಷಣ, ಯಾಕೋ ಇಷ್ಟು ಬಡವಾಗಿದೀಯ ಅಂತ ಅಕ್ಕ ಬೈತಿದ್ಳು. ಈ ಸಲ ಯಾರೂ ಬೈಲಿಲ್ಲ. ಇರೋಕೆ ಆಗ್ಲಿಲ್ಲ.”

ಅಷ್ಟು ಹೇಳಿ ಮೆಟ್ಟಿಲ ಕಡೆ ನಡೆದರು. ಅವಳು ಏನಾದರೂ ಹೇಳಬೇಕೆಂದು ಎದ್ದು ಬಾಗಿಲವರೆಗೆ ಬಂದಳು. ಅಷ್ಟರಲ್ಲಿ ಮೇಷ್ಟ್ರು ಎರಡನೇ ಮಹಡಿಯ ತಿರುವು ದಾಟಿದ್ದರು.